ಏದುಸಿರಿನ ಬದುಕನ್ನು ಅಳೆಯುವುದು ಹೇಗೆ

ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ತೋರಿಸಿಕೊಂಡು, ‘ಪಲ್ಮನರಿ ಹೈಪರ್‌ಟೆನ್ಷನ್’ ಎಂದು ಬರೆದ ಚೀಟಿ ಹಿಡಿದು ಶಿರಸಿಗೋ ಯಲ್ಲಾಪುರಕ್ಕೋ ಮರಳಿದವರನ್ನು ನೋಡಲು ಬರುವ ನೆಂಟರು ಮೊದಲು ಕೇಳುವುದು ‘ಬಿಪಿ ಎಷ್ಟಿದ್ದು?’ ಎಂದೇ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ 120/80 ಇರಬಹುದು. ಹಾಗಾದರೆ ಕಾಯಿಲೆ ಎಲ್ಲಿದೆ ಎಂದು ನೆಂಟರಿಗೂ ಗೊಂದಲ, ಎಷ್ಟೋ ಸಲ ರೋಗಿಗೂ ಗೊಂದಲ.

ಇದು ಬೇರೆಯದೇ ಒತ್ತಡ. ಹೃದಯದ ಎಡಭಾಗ ಇಡೀ ಮೈಗೆ ರಕ್ತ ತಳ್ಳುತ್ತದೆ, ಬಲಭಾಗ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳುತ್ತದೆ. ದಾರಿ ಹತ್ತಿರದ್ದಾದ್ದರಿಂದ ಬಲಭಾಗಕ್ಕೆ ಹೆಚ್ಚು ಒತ್ತಡ ಬೇಕಿಲ್ಲ. ಆರೋಗ್ಯವಂತರು ಸುಮ್ಮನೆ ಮಲಗಿದ್ದಾಗ ಅಲ್ಲಿ ಸರಾಸರಿ 14 ಮಿ.ಮೀ. ಪಾದರಸದಷ್ಟು ಒತ್ತಡ ಸಾಕು. ಅದು 20ನ್ನು ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್, ವೈದ್ಯರ ಬಾಯಲ್ಲಿ ಪಿಎಚ್. ಹಿಂದೆ ಈ ಗೆರೆ 25 ಇತ್ತು. 2018ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಸೇರಿದ ವಿಶ್ವ ತಜ್ಞರ ಸಮಾವೇಶ ಅದನ್ನು ಕೆಳಗಿಳಿಸಿತು. ತೋಳಿನ ಪಟ್ಟಿಗೆ ಈ ಒತ್ತಡ ಸಿಗುವುದಿಲ್ಲ. ಎಕೋ ಅಂದಾಜು ಹೇಳುತ್ತದೆ. ಖಚಿತವಾಗಬೇಕಾದರೆ ಕುತ್ತಿಗೆ ಅಥವಾ ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ನಳಿಕೆಯನ್ನು ಹೃದಯದ ಬಲಭಾಗಕ್ಕೆ ಸಾಗಿಸಿ ಅಳೆಯಬೇಕು.

ಕಾರಣಗಳನ್ನು ಐದು ಗುಂಪು ಮಾಡಿದ್ದಾರೆ. ಶ್ವಾಸಕೋಶದ ಸಣ್ಣ ರಕ್ತನಾಳಗಳೇ ದಪ್ಪವಾಗಿ ಕಿರಿದಾಗುವುದು ಒಂದು ಗುಂಪು. ಹೃದಯದ ಎಡಭಾಗದ ದೋಷ ಇನ್ನೊಂದು, ಶ್ವಾಸಕೋಶದ ಹಳೆಯ ಕಾಯಿಲೆ ಮತ್ತೊಂದು. ಹೆಪ್ಪುಗಟ್ಟಿದ ರಕ್ತ ಕರಗದೆ ಉಳಿದು ದಾರಿ ಕಟ್ಟುವುದು ನಾಲ್ಕನೆಯದು, ಉಳಿದದ್ದೆಲ್ಲ ಐದನೆಯದು. ನೆರೆಯ ಕೇರಳದಲ್ಲಿ ಸುಮಾರು 2000 ರೋಗಿಗಳನ್ನು ದಾಖಲಿಸಿದ ‘ಪ್ರೋ-ಕೇರಳ’ ನೋಂದಣಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಎಡಹೃದಯದ ಕಾಯಿಲೆಯಿಂದ ಪಿಎಚ್‌ಗೆ ಬಂದವರು. ಚಿಕ್ಕಂದಿನ ಗಂಟಲುನೋವು, ಅದರ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ, ಅದರಿಂದ ಕಿರಿದಾದ ಕವಾಟ, ಕೊನೆಗೆ ಬಸುರಿಯಾದಾಗಲೋ ನಲವತ್ತರ ಹೊತ್ತಿಗೋ ಕಾಣಿಸಿಕೊಳ್ಳುವ ಉಸಿರಾಟದ ತೊಂದರೆ. ನಮ್ಮ ದೇಶದಲ್ಲಿ ಈ ಸರಣಿ ಇನ್ನೂ ಮುಗಿದಿಲ್ಲ.

ಮಲೆನಾಡಿನ ಮಟ್ಟಿಗೆ ಹೊಗೆಯನ್ನೂ ಮರೆಯಬಾರದು. ಅಡುಗೆಗೆ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಒಲೆ ಕಟ್ಟಿಗೆಯದೇ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ದಿನಗಟ್ಟಲೆ ಉರಿಯುತ್ತದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಹೊತ್ತಿಸುವವರು ಹೆಚ್ಚಾಗಿ ಹೆಂಗಸರು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಹಳ್ಳಿಯ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ಸರಳ ಲೆಕ್ಕ ಪ್ರಕಟಿಸಿದರು: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಗುಣಲಬ್ಧ 60 ಮುಟ್ಟಿದಲ್ಲಿಂದ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತೇ ವರ್ಷ. ಎತ್ತರದ ಊರಾದ್ದರಿಂದ ಹೀಗಾಯಿತೇ ಎಂದು ಕೆಲವರು ಕೇಳುವುದುಂಟು. ಶಿರಸಿ ಸಮುದ್ರಮಟ್ಟಕ್ಕಿಂತ ಮೇಲಿರುವುದು ಹತ್ತಿರಹತ್ತಿರ 600 ಮೀಟರ್ ಅಷ್ಟೆ. ಎತ್ತರದಿಂದ ಪಿಎಚ್ ಬರುವುದು ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲೆ.

ಇಷ್ಟು ಪೀಠಿಕೆ ಸಾಕು. ಈ ಲೇಖನದ ವಿಷಯ ಒತ್ತಡವಲ್ಲ, ಒತ್ತಡ ಇಟ್ಟುಕೊಂಡು ಬದುಕುವುದು. ಅದನ್ನು ಅಳೆಯಲು ಬರುತ್ತದೆಯೇ?

ಒತ್ತಡದ ಅಂಕಿಯೊಂದನ್ನೇ ನೆಚ್ಚಿಕೊಂಡರೆ ಮೋಸಹೋಗಬಹುದು. ಕಾಯಿಲೆ ಮುಂದುವರಿದು ಹೃದಯದ ಬಲಭಾಗ ಸೋಲತೊಡಗಿದಾಗ ತಳ್ಳುವ ಶಕ್ತಿಯೇ ಕುಂದಿ ಒತ್ತಡ ಇಳಿಯುವುದುಂಟು. ವರದಿಯಲ್ಲಿ ಅಂಕಿ ಕಡಿಮೆ, ಮನೆಯಲ್ಲಿ ಮನುಷ್ಯ ಹಾಸಿಗೆ ಹಿಡಿದಿರುತ್ತಾನೆ. ಹೀಗಾಗಿ ವೈದ್ಯರು ಇನ್ನೂ ಎರಡು ಅಳತೆ ಇಟ್ಟುಕೊಂಡಿದ್ದಾರೆ.

ಒಂದು, ವಿಶ್ವ ಆರೋಗ್ಯ ಸಂಸ್ಥೆಯ ನಾಲ್ಕು ದರ್ಜೆ. ಮಾಮೂಲಿ ಕೆಲಸದಲ್ಲಿ ಏನೂ ತೊಂದರೆ ಇಲ್ಲದಿದ್ದರೆ ಮೊದಲನೆಯದು, ಮಾಮೂಲಿ ಕೆಲಸಕ್ಕೆ ಏದುಸಿರು ಬಂದರೆ ಎರಡನೆಯದು, ಅದಕ್ಕಿಂತ ಕಡಿಮೆ ಕೆಲಸಕ್ಕೂ ಬಂದರೆ ಮೂರನೆಯದು, ಕೂತಲ್ಲೇ ತೊಂದರೆಯಾದರೆ ನಾಲ್ಕನೆಯದು. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಚಿಕಿತ್ಸೆ ನಿರ್ಧರಿಸಲು ಬೇಕೇಬೇಕು. ಆದರೆ ಮಾಮೂಲಿ ಕೆಲಸ ಯಾವುದು? ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರಿಗೆ ಒಂದು, ಬೆಟ್ಟದಿಂದ ದರಕಿನ ಹೊರೆ ಹೊತ್ತು ತರುವವರಿಗೆ ಇನ್ನೊಂದು. ಇದಕ್ಕಿಂತ ದೊಡ್ಡ ತೊಡಕು, ಜನ ಕೆಲಸವನ್ನೇ ಬಿಟ್ಟುಬಿಡುವುದು. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಇಳಿಯುವುದು ಸುಲಭ, ಹತ್ತುವಾಗ ಎದೆ ಕಟ್ಟುತ್ತದೆ. ಹತ್ತಲಾಗದವರು ಇಳಿಯುವುದನ್ನು ನಿಲ್ಲಿಸುತ್ತಾರೆ. ಆರು ತಿಂಗಳ ನಂತರ ‘ಏದುಸಿರು ಬರುತ್ತದಾ?’ ಎಂದು ವೈದ್ಯರು ಕೇಳಿದರೆ ‘ಈಗ ಅಡ್ಡಿಲ್ಲೆ’ ಎನ್ನುತ್ತಾರೆ. ಅದು ಸುಳ್ಳಲ್ಲ, ತೋಟ ನೋಡದೆ ಆರು ತಿಂಗಳಾಯಿತು ಎಂಬ ಮಾತು ಮಾತ್ರ ಅದರಲ್ಲಿ ಇಲ್ಲ.

ಎರಡನೆಯದು ಆರು ನಿಮಿಷದ ನಡಿಗೆ. ಸಮತಟ್ಟಾದ 30 ಮೀಟರ್ ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆಯಬೇಕು. ದಣಿದರೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಪಕ್ಕದಲ್ಲಿರುವವರು ನಿಮಿಷಕ್ಕೊಮ್ಮೆ ಏನು ಹೇಳಿ ಹುರಿದುಂಬಿಸಬೇಕೆಂಬುದನ್ನೂ ಅಮೆರಿಕದ ಎದೆರೋಗ ತಜ್ಞರ ಸಂಘ 2002ರಲ್ಲೇ ಬರೆದಿಟ್ಟಿದೆ, ಏಕೆಂದರೆ ‘ಬೇಗ ಬೇಗ’ ಎಂದು ಕೂಗಿದರೆ ಯಾರಾದರೂ ಹತ್ತಿಪ್ಪತ್ತು ಮೀಟರ್ ಹೆಚ್ಚು ನಡೆದಾರು. 440 ಮೀಟರ್ ದಾಟಿದವರು ಕಡಿಮೆ ಅಪಾಯದಲ್ಲಿದ್ದಾರೆ, 165 ಮುಟ್ಟದವರು ಹೆಚ್ಚು ಅಪಾಯದಲ್ಲಿದ್ದಾರೆ ಎಂದು ಲೆಕ್ಕ. ಎರಡು ಭೇಟಿಗಳ ನಡುವೆ ಸುಮಾರು 33 ಮೀಟರ್ ವ್ಯತ್ಯಾಸವಾದರೆ ರೋಗಿಗೇ ಅದು ಗೊತ್ತಾಗುವಷ್ಟು ದೊಡ್ಡದು. ಮೊಗಸಾಲೆ ಚಿಕ್ಕದಾದಷ್ಟೂ ತಿರುವು ಹೆಚ್ಚು, ದೂರ ಕಡಿಮೆ. ಹಾಗಾಗಿ ಒಂದು ಸಲ ಶಿರಸಿಯಲ್ಲಿ, ಇನ್ನೊಂದು ಸಲ ಹುಬ್ಬಳ್ಳಿಯಲ್ಲಿ ನಡೆದು ಎರಡನ್ನೂ ಹೋಲಿಸಿದರೆ ಪ್ರಯೋಜನವಿಲ್ಲ.

1990ರ ದಶಕದಿಂದ ಈ ಕಾಯಿಲೆಯ ಹೊಸ ಔಷಧಗಳು ಹೆಚ್ಚಾಗಿ ಈ ನಡಿಗೆಯ ಮೇಲೆಯೇ ಪಾಸಾಗಿ ಬಂದವು. ಒಳ್ಳೆಯ ಪರೀಕ್ಷೆಯೇ, ಅನುಮಾನವಿಲ್ಲ. ಆದರೆ ಅದರಲ್ಲಿ ಮೆಟ್ಟಿಲಿಲ್ಲ, ಬಗ್ಗಿ ಅಂಗಳ ಗುಡಿಸುವುದಿಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರಾಗಿ ‘ಬೆಳಗಾಗುತ್ತದೋ ಇಲ್ಲವೋ’ ಎಂದುಕೊಳ್ಳುವುದಿಲ್ಲ.

ಪ್ರಶ್ನೆಪತ್ರಿಕೆ ಹುಟ್ಟಿದ್ದು ಇಲ್ಲಿ

ಜೀವನದ ಗುಣಮಟ್ಟ ಎಂಬ ಮಾತು ಕೇಳಿದೊಡನೆ ಇದೇನೋ ತತ್ವಶಾಸ್ತ್ರ ಎನ್ನಿಸುತ್ತದೆ. ನಿಜಕ್ಕೂ ಅದು ಒಂದೆರಡು ಹಾಳೆ. ಕಾಯಿಲೆಯಿಂದ ಬದುಕಿನ ಯಾವ ಯಾವ ತುಂಡು ಕೈತಪ್ಪಿದೆ ಎಂದು ರೋಗಿಯ ಬಾಯಿಂದಲೇ, ಎಲ್ಲರಿಗೂ ಒಂದೇ ರೀತಿಯಲ್ಲಿ, ಪ್ರತಿ ಸಲವೂ ಅದೇ ಮಾತಿನಲ್ಲಿ ಕೇಳಿ ಅಂಕ ಹಾಕುವುದು.

ಇಂಥ ಹಾಳೆಗಳು ಎರಡು ಜಾತಿಯವು. ಒಂದು ಎಲ್ಲ ಕಾಯಿಲೆಗೂ ಆಗುವಂಥದ್ದು: 36 ಪ್ರಶ್ನೆಗಳ ಎಸ್‌ಎಫ್-36, ಐದೇ ಪ್ರಶ್ನೆಗಳ ಇಕ್ಯು-5ಡಿ, ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ. ಈ ಕೊನೆಯದರ ಮೂಲಪಟ್ಟಿಯನ್ನು ಜಗತ್ತಿನ 15 ಕೇಂದ್ರಗಳಲ್ಲಿ ಒಟ್ಟಿಗೆ ರೂಪಿಸಿದರು, ಅವುಗಳಲ್ಲಿ ದೆಹಲಿ ಮತ್ತು ಚೆನ್ನೈ ಕೂಡ ಇದ್ದವು. ಇಕ್ಯು-5ಡಿಯಲ್ಲಿ ಓಡಾಟ, ಸ್ನಾನ-ಬಟ್ಟೆ, ದಿನದ ಕೆಲಸ, ನೋವು, ಆತಂಕ ಎಂಬ ಐದು ವಿಷಯ. ಕೊನೆಗೆ ಸೊನ್ನೆಯಿಂದ ನೂರರವರೆಗಿನ ಉದ್ದ ಗೆರೆಯಲ್ಲಿ ‘ಇಂದು ನಿಮ್ಮ ಆರೋಗ್ಯ ಎಲ್ಲಿದೆ’ ಎಂದು ಗುರುತು ಹಾಕಬೇಕು. ಇಕ್ಯು-5ಡಿ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಎರಡೂ ಕನ್ನಡದಲ್ಲಿವೆ. ಹೋಲಿಕೆಗೆ ಚೆನ್ನ, ಆದರೆ ಪಿಎಚ್‌ಗೇ ವಿಶೇಷವಾದ ಬಾಧೆಗಳು ಇವುಗಳ ಬಲೆಗೆ ಸರಿಯಾಗಿ ಬೀಳುವುದಿಲ್ಲ.

ಪಿಎಚ್‌ಗೆಂದೇ ಮಾಡಿದ ಮೊದಲ ಹಾಳೆಗಳಲ್ಲಿ 2006ರ ‘ಕ್ಯಾಂಫರ್’ ಮುಖ್ಯ. ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್ ಆಸ್ಪತ್ರೆಯ ರೋಗಿಗಳನ್ನು ಕೂರಿಸಿ ಮಾತಾಡಿಸಿ, ಅವರು ಹೇಳಿದ್ದರಿಂದಲೇ 65 ಪ್ರಶ್ನೆ ಆಯ್ದರು. ಸಂಶೋಧಕರಿಗೆ ಇಷ್ಟ, ಆದರೆ ಹೊರರೋಗಿ ವಿಭಾಗದ ಸರದಿಯಲ್ಲಿ ನಿಂತವರಿಗೆ 65 ಪ್ರಶ್ನೆ ಸ್ವಲ್ಪ ಜಾಸ್ತಿಯಾಯಿತು.

ಹೀಗೆ 2014ರಲ್ಲಿ ‘ಎಂಫಸಿಸ್-10’ ಬಂತು. ಇದೂ ಬ್ರಿಟನ್ನಿನದೇ. ಹತ್ತು ಸಾಲು, ಪ್ರತಿ ಸಾಲಿನ ಎಡತುದಿಯಲ್ಲಿ ಒಂದು ಸ್ಥಿತಿ, ಬಲತುದಿಯಲ್ಲಿ ಅದಕ್ಕೆ ವಿರುದ್ಧದ್ದು, ನಡುವೆ ಸೊನ್ನೆಯಿಂದ ಐದರವರೆಗೆ ಅಂಕ. ಏದುಸಿರು ಮಾತಿನ ನಡುವೆ ತಡೆಯುತ್ತದೆಯೇ, ಹಗಲು ಮಲಗಬೇಕಾಗುತ್ತದೆಯೇ, ಒಂದು ಮಹಡಿ ಹತ್ತುವಾಗ ಹೇಗೆ, ಜನಜಂಗುಳಿಯಲ್ಲಿ ಧೈರ್ಯ ಇರುತ್ತದೆಯೇ, ಕಾಯಿಲೆಯೇ ಬದುಕನ್ನು ಆಳುತ್ತಿದೆಯೇ, ಮನೆಯವರಿಗೆ ಭಾರವಾದೆ ಅನ್ನಿಸುತ್ತದೆಯೇ, ಇಂಥ ವಿಷಯಗಳು. ಒಟ್ಟು ಅಂಕ 50. ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಪರೀಕ್ಷೆಯ ಅಂಕಪಟ್ಟಿಯ ಹಾಗೆ ಓದಿ ‘ನಲವತ್ತು ಬಂತು’ ಎಂದು ಖುಷಿಪಡಬಾರದು.

ಹತ್ತೇ ಸಾಲಿನ ಹಾಳೆಗೆ ಎಷ್ಟು ಬೆಲೆ? ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಂಕ ಹೆಚ್ಚಿದ್ದವರಲ್ಲಿ ಸಾವಿನ ಅಪಾಯವೂ ಹೆಚ್ಚಿತ್ತು. ಮನಸ್ಸಿನ ಮಾತು ಎಂದು ಪಕ್ಕಕ್ಕಿಡುವ ವಿಷಯವಲ್ಲ ಇದು. ರೋಗಿ ‘ಸುಸ್ತು’ ಎಂದದ್ದು ರಕ್ತಪರೀಕ್ಷೆಯಷ್ಟೇ ಗಂಭೀರ ಮಾಹಿತಿ ಎಂದು ಒಪ್ಪಲು ವೈದ್ಯಲೋಕಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎನ್ನುವುದೇ ನನಗೆ ಸೋಜಿಗ.

ಅಂಕವನ್ನು ಓದುವ ಬಗೆ

ಸಿದ್ದಾಪುರ ಕಡೆಯ, ಐವತ್ತು ದಾಟಿದ ಒಬ್ಬ ಮಹಿಳೆ ಎಂದು ಊಹಿಸಿಕೊಳ್ಳಿ. ಮೇ ತಿಂಗಳಲ್ಲಿ ಎಂಫಸಿಸ್ ಅಂಕ 31, ನಡಿಗೆ 300 ಮೀಟರ್. ಔಷಧ ಬದಲಾಯಿತು. ಆಗಸ್ಟಿನಲ್ಲಿ ಅಂಕ 23, ನಡಿಗೆ 310.

ನಡಿಗೆ ಮಾತ್ರ ನೋಡಿದರೆ ಔಷಧ ಕೆಲಸ ಮಾಡಿಲ್ಲ. ಆದರೆ ಎಂಫಸಿಸ್‌ನಲ್ಲಿ ಸುಮಾರು 6 ಅಂಕದ ಇಳಿಕೆ ಎಂದರೆ ರೋಗಿಯ ಅನುಭವಕ್ಕೆ ಬರುವಷ್ಟು ಸುಧಾರಣೆ. ಇಲ್ಲಿ ಇಳಿದದ್ದು 8. ಈಗ ವೈದ್ಯರು ಮಾಡಬೇಕಾದದ್ದು ಒಟ್ಟು ಅಂಕ ಬಿಟ್ಟು ಸಾಲು ಸಾಲಾಗಿ ನೋಡುವುದು. ಹಗಲಿನ ಆಯಾಸದ ಸಾಲು 4ರಿಂದ 1ಕ್ಕೆ, ಮಾತಿನ ನಡುವಿನ ಏದುಸಿರಿನ ಸಾಲು 3ರಿಂದ 1ಕ್ಕೆ ಬಂದಿರಬಹುದು. ಮಹಡಿ ಹತ್ತುವ ಸಾಲು ಇದ್ದಲ್ಲೇ ಇರಬಹುದು. ಅಂದರೆ ಆಕೆಗೆ ಹಗಲು ಮರಳಿ ಸಿಕ್ಕಿದೆ, ಗುಡ್ಡ ಇನ್ನೂ ಸಿಕ್ಕಿಲ್ಲ. ನವೆಂಬರಿನಲ್ಲಿ ಅಂಕ 25 ಆದರೆ ಹೆದರಬೇಕಿಲ್ಲ, ಎರಡು ಅಂಕದ ಏರಿಳಿತ ಯಾವ ದಿನ ಕೇಳಿದಿರಿ ಎಂಬುದರಿಂದಲೂ ಆಗುತ್ತದೆ. 32 ಆದರೆ ಮುಂದಿನ ಭೇಟಿಯವರೆಗೆ ಕಾಯದೆ ತಿಳಿಸಬೇಕು.

ಉಲ್ಟಾ ಕೂಡ ಆಗುತ್ತದೆ. ನಡಿಗೆ 40 ಮೀಟರ್ ಏರಿತು, ಅಂಕ ಕದಲಲಿಲ್ಲ. ಕಾರಣ ಹಲವು ಇರಬಹುದು. ಈ ಔಷಧಗಳಲ್ಲಿ ಕೆಲವು ತಲೆನೋವು, ಮುಖ ಕೆಂಪಗಾಗುವುದು, ಭೇದಿ ತರುತ್ತವೆ. ಖಿನ್ನತೆ ಇರಬಹುದು. ಪಿಎಚ್ ರೋಗಿಗಳಲ್ಲಿ ಖಿನ್ನತೆ, ಆತಂಕ ಎರಡೂ ಅಪರೂಪವಲ್ಲ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಹಾಳೆಯಿಂದ ಅದನ್ನು ಪ್ರತ್ಯೇಕವಾಗಿ ಕೇಳಬಹುದು. ಔಷಧದ ಖರ್ಚೇ ಮನೆಯಲ್ಲಿ ಜಗಳ ಹುಟ್ಟಿಸಿರಬಹುದು. ಸಿಲ್ಡೆನಾಫಿಲ್ ಮಾತ್ರೆಯದು ಇನ್ನೊಂದು ಕತೆ. ಶ್ವಾಸಕೋಶದ ರಕ್ತನಾಳಗಳೇ ಕಿರಿದಾದ ಬಗೆಯ ಪಿಎಚ್‌ಗೆ ಅದು ಒಪ್ಪಿತ ಔಷಧ, ಆದರೆ ಪೇಟೆಯಲ್ಲಿ ಅದಕ್ಕೆ ಬೇರೆ ಖ್ಯಾತಿ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಕೇಳಲು ಮುಜುಗರಪಟ್ಟು ಮಾತ್ರೆ ತಪ್ಪಿಸುವವರು ಯಾವ ಪ್ರಶ್ನೆಪತ್ರಿಕೆಯಲ್ಲೂ ಅದನ್ನು ಬರೆಯಲಾರರು.

ಉತ್ತರ ಯಾರದು?

ನಮ್ಮಲ್ಲಿ ಈ ಅಳತೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. ವೈದ್ಯರು ಅಮ್ಮನನ್ನು ಕೇಳುತ್ತಾರೆ, ಮಗ ಉತ್ತರಿಸುತ್ತಾನೆ. ಗಂಡನಿಗೆ ಕಾಯಿಲೆ, ಹೆಂಡತಿ ಪಟ್ಟಿ ಒಪ್ಪಿಸುತ್ತಾಳೆ. ಪ್ರೀತಿಯಿಂದಲೇ, ಆದರೆ ಮನೆಯವರ ಉತ್ತರವೂ ರೋಗಿಯ ಉತ್ತರವೂ ಒಂದೇ ಆಗುವುದಿಲ್ಲ. ಅದರಲ್ಲೂ ಭಾರವಾದೆನೇ ಎಂಬ ಪ್ರಶ್ನೆಗೆ ಸೊಸೆಯ ಎದುರು ಅತ್ತೆ ನಿಜ ಹೇಳುತ್ತಾರೆ ಎಂದು ನಂಬುವುದು ಕಷ್ಟ. ಹತ್ತು ನಿಮಿಷ ಮನೆಯವರನ್ನು ಹೊರಗೆ ಕೂರಿಸಿ.

ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯೋ ನರ್ಸೋ ಓದಿ ಹೇಳಬಹುದು. ಆಗ ಹಾಳೆಯಲ್ಲಿದ್ದುದನ್ನು ಇದ್ದಂತೆ ಓದಬೇಕು, ವಿವರಿಸಲು ಹೊರಟರೆ ಉತ್ತರವನ್ನೂ ಹೇಳಿಕೊಟ್ಟಂತಾಗುತ್ತದೆ. ‘ಅಂಥ ಸುಸ್ತೇನಿಲ್ಲ ಅಲ್ವಾ?’ ಎಂದು ಕೇಳುವುದಂತೂ ಬೇಡ. ಪ್ರತಿ ಸಲ ಅವರೇ ಓದಿದರೆ ಒಳ್ಳೆಯದು. ವೈದ್ಯರನ್ನು ಕಾಣುವ ಮೊದಲೇ ತುಂಬಿಸಿದರೆ ಇನ್ನೂ ಒಳ್ಳೆಯದು, ರಿಪೋರ್ಟ್ ಚೆನ್ನಾಗಿದೆ ಎಂದು ಕೇಳಿದ ಮೇಲೆ ಸುಸ್ತೂ ಕಡಿಮೆಯಾಗಿಬಿಡುತ್ತದೆ.

ಭಾಷೆಯ ಮಾತೂ ಇದೆ. ಯಲ್ಲಾಪುರದ ಸಿದ್ದಿ ಮನೆಗಳಲ್ಲಿ ಕೊಂಕಣಿ, ಗೌಳಿಗರ ದೊಡ್ಡಿಗಳಲ್ಲಿ ಮರಾಠಿ ಬೆರೆತ ಮಾತು. ಕನ್ನಡ ಅವರಿಗೆ ಪೇಟೆಯ ಭಾಷೆ. ಪ್ರಶ್ನೆಪತ್ರಿಕೆಯ ಅನುವಾದ ಒಬ್ಬರು ಕೂತು ಬರೆದು ಮುಗಿಸುವ ಕೆಲಸವಲ್ಲ: ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಒಂದು ಮಾಡಿ, ಮೂಲ ನೋಡದ ಇನ್ನೊಬ್ಬರು ಅದನ್ನು ಹಿಂದಕ್ಕೆ ಅನುವಾದಿಸಿ, ಕೊನೆಗೆ ರೋಗಿಗಳಿಗೆ ಓದಿ ಅರ್ಥವಾಯಿತೇ ಎಂದು ನೋಡಬೇಕು. ಹೀಗೆ ಪರೀಕ್ಷೆಯಾದ ಆವೃತ್ತಿ ಕೈಯಲ್ಲಿಲ್ಲದೆ ಬಾಯಿಗೆ ಬಂದಂತೆ ಅನುವಾದಿಸಿ ಕೇಳಿದರೆ ಆ ಅಂಕವನ್ನು ಎಂಫಸಿಸ್‌ನ 6 ಅಂಕದ ಗೆರೆಗೆ ಹೋಲಿಸುವಂತಿಲ್ಲ. ಅಂಥಲ್ಲಿ ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ ಸಿಗುವ ಇಕ್ಯು-5ಡಿಯೇ ಮೇಲು.

ಹಾಳೆಯ ಪಕ್ಕದಲ್ಲಿ ಇನ್ನೊಂದು ಪಟ್ಟಿ

‘ಒಂದು ಮಹಡಿ’ ಎಂಬುದನ್ನು ‘ತೋಟದ ಏರು’ ಎಂದು ತಿದ್ದಿಬಿಡಲೇ ಎಂದು ಆಸೆಯಾಗುತ್ತದೆ. ತಿದ್ದಬೇಡಿ. ಸೊಸೈಟಿಯಲ್ಲಿ ಪ್ರತಿ ವರ್ಷ ಬೇರೆ ಬೇರೆ ತೂಕದ ಬಟ್ಟು ಇಟ್ಟು ಅಡಿಕೆ ತೂಗಿದರೆ ಬೆಳೆ ಹೆಚ್ಚಿತೋ ಬಟ್ಟು ಹಗುರಾಯಿತೋ ಯಾರಿಗೆ ಗೊತ್ತು? ಹಾಳೆ ಇದ್ದಂತೆ ಇರಲಿ. ಅದರ ಪಕ್ಕದಲ್ಲಿ ನಿಮ್ಮದೇ ಒಂದು ಪಟ್ಟಿ ಇಟ್ಟುಕೊಳ್ಳಿ.

ಪಟ್ಟಿಯಲ್ಲಿ ಐದಾರು ಕೆಲಸ ಸಾಕು, ಆಯ್ಕೆ ರೋಗಿಯದೇ. ಬಾವಿಯಿಂದ ಒಂದು ಕೊಡ ನೀರು. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು. ಕೈ ಮೇಲೆತ್ತಿ ಜಡೆ ಹಾಕಿಕೊಳ್ಳುವುದು. ರಾತ್ರಿ ಒಂದೇ ದಿಂಬಿನಲ್ಲಿ ಮಲಗುವುದು. ಬಸ್‌ಸ್ಟಾಪಿನವರೆಗೆ ನಡೆಯುವುದು. ಪ್ರತಿಯೊಂದರ ಮುಂದೆ ತಿಂಗಳಿಗೊಮ್ಮೆ, ಅದೇ ತಾರೀಖಿಗೆ ನಾಲ್ಕರಲ್ಲಿ ಒಂದು ಬರೆಯಿರಿ: ಆರಾಮಾಗಿ ಆಯಿತು, ನಿಂತು ನಿಂತು ಆಯಿತು, ಆಗಲಿಲ್ಲ, ಈ ತಿಂಗಳು ಮಾಡಲೇ ಇಲ್ಲ. ಕೊನೆಯ ಉತ್ತರವೇ ಮುಖ್ಯ. ಮೊದಲು ಹೇಳಿದ ‘ಅಡ್ಡಿಲ್ಲೆ’ಯ ಹಿಂದೆ ಅಡಗುವುದು ಅದೇ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ವಾರದ ಸಂತೆ ಸರಿ.

ಪೇಟೆಯ ಪ್ರಶ್ನೆಪತ್ರಿಕೆಗೆ ಹೊಳೆಯದ ಸಂಗತಿಗಳೂ ಇಲ್ಲಿ ಬರಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಆಮ್ಲಜನಕದ ಯಂತ್ರ ನಿಲ್ಲುತ್ತದೆ, ಅದನ್ನು ನೆಚ್ಚಿಕೊಂಡವರಿಗೆ ಗುಡುಗಿನ ಶಬ್ದವೇ ಭಯ. ಮೈಯಲ್ಲಿನ ನೀರು ಇಳಿಸುವ ಮಾತ್ರೆ ನುಂಗಿ ಹುಬ್ಬಳ್ಳಿ ಬಸ್ಸು ಹತ್ತಿದವರ ಪಾಡು ಹೇಳತೀರದು. ಶಿರಸಿಯಿಂದ ಹತ್ತಿರಹತ್ತಿರ 100 ಕಿ.ಮೀ. ಹಾಗಾಗಿ ಆಸ್ಪತ್ರೆಗೆ ಹೋಗುವ ದಿನವೇ ಮಾತ್ರೆ ಬಿಡುತ್ತಾರೆ, ಕಾಲು ಬಾತ ಸ್ಥಿತಿಯಲ್ಲಿ ವೈದ್ಯರ ಮುಂದೆ ನಿಲ್ಲುತ್ತಾರೆ. ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಮುಂಚೆಯೇ ಕೇಳಿಕೊಂಡರೆ ಸಾಮಾನ್ಯವಾಗಿ ದಾರಿ ಇರುತ್ತದೆ. ಇನ್ನು ಉಪ್ಪು ಕಡಿಮೆ ಮಾಡಿ ಎಂದರೆ ಅಪ್ಪೆಮಿಡಿ ಉಪ್ಪಿನಕಾಯಿ ಬಿಡಿ ಎಂದೇ ಅರ್ಥ. ಅದು ಗುಣಮಟ್ಟದ ಪ್ರಶ್ನೆ ಹೌದೋ ಅಲ್ಲವೋ, ಶಿರಸಿಯವರೇ ಹೇಳಲಿ.

ತರುಣಿಯರ ವಿಷಯ ಇದಕ್ಕಿಂತ ಗಂಭೀರ. ರಕ್ತನಾಳಗಳೇ ಕಿರಿದಾದ ಬಗೆಯ ಪಿಎಚ್‌ನಲ್ಲಿ ಗರ್ಭಧಾರಣೆ ತಾಯಿಯ ಜೀವಕ್ಕೇ ಅಪಾಯ, ಬೇಡವೆಂದೇ ಮಾರ್ಗಸೂಚಿಗಳು ಹೇಳುತ್ತವೆ. ಮದುವೆ, ಮಕ್ಕಳು, ಅತ್ತೆಮನೆಗೆ ಏನು ಹೇಳುವುದು, ಇದಾವುದೂ ಹತ್ತು ಸಾಲಿನಲ್ಲಿಲ್ಲ. ಅಂಕ 12 ಬಂದ ಇಪ್ಪತ್ತೈದರ ಹುಡುಗಿ ಚೆನ್ನಾಗಿದ್ದಾಳೆ ಎಂದು ಕಡತ ಮುಚ್ಚುವ ಮೊದಲು ಇದನ್ನು ಬಾಯಿಬಿಟ್ಟು ಕೇಳಬೇಕು.

ಎಷ್ಟು ದಿನಕ್ಕೊಮ್ಮೆ? ಪ್ರಶ್ನೆಪತ್ರಿಕೆ ಮೂರರಿಂದ ಆರು ತಿಂಗಳಿಗೊಮ್ಮೆ, ಔಷಧ ಬದಲಾದಾಗ ಅದಕ್ಕೆ ಮೊದಲೊಮ್ಮೆ ಮತ್ತು ಮೂರು ತಿಂಗಳ ನಂತರ ಇನ್ನೊಮ್ಮೆ. ಕೇಳುವ ಅವಧಿಯನ್ನೂ ಗಮನಿಸಿ: ಇಕ್ಯು-5ಡಿ ಕೇಳುವುದು ಇವತ್ತಿನ ಸ್ಥಿತಿಯನ್ನು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಎರಡು ವಾರದ್ದನ್ನು, ಎಸ್‌ಎಫ್-36 ನಾಲ್ಕು ವಾರದ್ದನ್ನು. ಅಡಿಕೆ ಕೊಯ್ಲಿನ ದಣಿವಿನಲ್ಲಿ ಒಮ್ಮೆ, ಆಷಾಢದ ಬಿಡುವಿನಲ್ಲಿ ಒಮ್ಮೆ ತುಂಬಿದರೆ ವ್ಯತ್ಯಾಸ ಕಾಯಿಲೆಯದೋ ಹಂಗಾಮಿನದೋ ತಿಳಿಯದು. ಹಾಳೆಯ ಮೂಲೆಯಲ್ಲಿ ತಾರೀಖು, ಆ ವಾರದ ಕೆಲಸ, ಜ್ವರ-ನೆಗಡಿ ಇತ್ತೇ ಎಂದು ಬರೆದಿಟ್ಟರೆ ಸಾಕು. ತುಂಬಿದ ಹಾಳೆಯ ಫೋಟೊ ಮೊಬೈಲಿನಲ್ಲಿರಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೂ ಅದನ್ನೇ ತೋರಿಸಿ, ದೊಡ್ಡ ಆಸ್ಪತ್ರೆಯ ತಜ್ಞರಿಗೂ ಅದನ್ನೇ ತೋರಿಸಿ. ಔಷಧದ ಪ್ರಮಾಣವನ್ನು ಅಂಕ ನೋಡಿ ನೀವೇ ಬದಲಿಸಬೇಡಿ, ಪಿಎಚ್ ಔಷಧಗಳಲ್ಲಿ ಕೆಲವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ.

ಕೆಲವು ಸಂಗತಿಗಳಿಗೆ ಹಾಳೆಯೇ ಬೇಡ. ಬೆಳಗಿನ ತೂಕ ಮೂರು ದಿನದಲ್ಲಿ 2 ಕಿಲೊಗಿಂತ ಹೆಚ್ಚು ಏರಿದರೆ, ಕಾಲು-ಹೊಟ್ಟೆ ಊದಿದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಏರು ಹತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಕೂತಲ್ಲೇ ಉಸಿರು ಸಾಲದಾದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಕರೆ ಮಾಡಿ. ಫೋನ್ ಸಿಗ್ನಲ್ ಸಿಗುವ ಜಾಗ ಮನೆಯಿಂದ ಎಷ್ಟು ದೂರ, ರಾತ್ರಿ ಯಾರ ಗಾಡಿ ಸಿಗುತ್ತದೆ ಎಂಬುದನ್ನು ಆ ಪಟ್ಟಿಯ ಹಿಂಬದಿಯಲ್ಲೇ ಬರೆದಿಡಿ.